ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಮದರ್‌ಬೋರ್ಡ್ ಡ್ರೈವರ್‌ಗಳ ತೊಡಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾರ್ಡ್‌ಡಿಸ್ಕ್ ನಿಧಾನವಾಯಿತೆಂದು ಎಸ್‌ಎಸ್‌ಡಿ ಹಾಕಿ, ಅದರ ಮೇಲೆ ವಿಂಡೋಸ್ ಹೊಸದಾಗಿ ಕೂರಿಸಿದ ಬಳಿಕ ಎದುರಾಗುವ ಡ್ರೈವರ್ ತೊಂದರೆಗಳನ್ನು ಕುರಿತ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ಮುಖ್ಯವಾಗಿ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳ ಡೆಸ್ಕ್‌ಟಾಪ್‌ಗಳಿಗೆ, 64 ಬಿಟ್‌ನ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ. ಲ್ಯಾಪ್‌ಟಾಪ್‌ನಲ್ಲಿ ವಿಷಯ ಬೇರೆಯಾಗುವ ಕಡೆ ಅದನ್ನು ಅಲ್ಲಲ್ಲೇ ಹೇಳಿದೆ.

ನಿನ್ನೆಯವರೆಗೆ ಎಲ್ಲವೂ ಸರಿಯಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಧ್ವನಿಯಿಲ್ಲ, ವೈಫೈ ಇಲ್ಲ, ಪರದೆಯ ಮೇಲಿನ ಅಕ್ಷರಗಳು ವಿಪರೀತ ದೊಡ್ಡದಾಗಿವೆ. ಎಸ್‌ಎಸ್‌ಡಿಯೇ ಕೆಟ್ಟಿದೆಯೇ?

ಬಹುಮಟ್ಟಿಗೆ ಇಲ್ಲ. ವಿಂಡೋಸ್ ಆರಂಭವಾಗಿ ಡೆಸ್ಕ್‌ಟಾಪ್ ಕಾಣುತ್ತಿದೆಯೆಂದರೆ ಎಸ್‌ಎಸ್‌ಡಿ ತನ್ನ ಕೆಲಸವನ್ನು ಮಾಡುತ್ತಿದೆ ಎಂದೇ ಅರ್ಥ. ಧ್ವನಿ, ನೆಟ್‌ವರ್ಕ್, ಗ್ರಾಫಿಕ್ಸ್ ಮುಂತಾದವುಗಳ ಚಿಪ್‌ಗಳು ಮದರ್‌ಬೋರ್ಡಿನ ಮೇಲೆ ಅಥವಾ ಅದಕ್ಕೆ ಸೇರಿಸಿದ ಪ್ರೊಸೆಸರ್, ಕಾರ್ಡುಗಳಲ್ಲಿದ್ದರೂ, ಅವುಗಳನ್ನು ನಡೆಸುವ ಡ್ರೈವರ್‌ಗಳೆಂಬ ತಂತ್ರಾಂಶಗಳು ಬೋರ್ಡಿನೊಳಗೆ ಇರುವುದಿಲ್ಲ. ಅವು ಹಳೆಯ ಡಿಸ್ಕ್‌ನಲ್ಲಿದ್ದ ವಿಂಡೋಸ್‌ನ ಭಾಗವಾಗಿದ್ದವು, ಡಿಸ್ಕ್ ಬಿಚ್ಚಿದಾಗ ಅದರೊಂದಿಗೇ ಹೊರಬಂದವು. ಹಳೆಯ ಗುಮಾಸ್ತ ವರ್ಗವಾಗಿ ಹೊಸಬ ಬಂದ ಕಚೇರಿಯಂಥ ಸ್ಥಿತಿ ಇದು: ಕಪಾಟು, ಕಡತಗಳೆಲ್ಲ ಇದ್ದಲ್ಲೇ ಇವೆ, ಯಾವುದು ಏನೆಂದು ಹೊಸಬನಿಗೆ ತಿಳಿಯದು. ಪರದೆಯ ಅಕ್ಷರ ದೊಡ್ಡದಾಗಿ ಕಾಣುವುದೂ ಇದೇ ಕಾರಣದಿಂದ. ನಿಮ್ಮ ಗ್ರಾಫಿಕ್ಸ್ ಚಿಪ್‌ನ ಗುರುತು ಸಿಗದೆ ವಿಂಡೋಸ್ ತನ್ನ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ನಿಂದ ತಾತ್ಕಾಲಿಕವಾಗಿ ಕೆಲಸ ಸಾಗಿಸುತ್ತಿರುತ್ತದೆ.

ಆದುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಮರಳಿ ಹೋಗಿ ಎಸ್‌ಎಸ್‌ಡಿ ಬದಲಿಸಿಕೊಡಿ ಎಂದು ಕೇಳುವುದರಿಂದ ಈ ತೊಂದರೆ ತೀರುವುದಿಲ್ಲ. ಯಾವ ಸಾಧನ ಡ್ರೈವರ್ ಕೇಳುತ್ತಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ, ಅದಕ್ಕೆ ಬೇಕಾದ್ದನ್ನಷ್ಟೇ ಕೊಡಬೇಕು. ಸಿಕ್ಕಿದ ಪ್ಯಾಕೇಜುಗಳನ್ನೆಲ್ಲ ಒಂದರ ಮೇಲೊಂದು ಹಾಕುವುದರಿಂದ ಗೊಂದಲವೇ ಹೆಚ್ಚು.

ಎಸ್‌ಎಸ್‌ಡಿಗೂ ಪ್ರತ್ಯೇಕ ಡ್ರೈವರ್ ಹಾಕಬೇಕೇ?

ಬೇಡ. ಹಾರ್ಡ್‌ಡಿಸ್ಕಿನಂತೆಯೇ ಸಾಟಾ ಎಂಬ ಸಂಪರ್ಕ ಬಳಸುವ ಎಸ್‌ಎಸ್‌ಡಿಯನ್ನು ವಿಂಡೋಸ್‌ನಲ್ಲೇ ಇರುವ ಎಎಚ್‌ಸಿಐ ಡ್ರೈವರ್ ನಡೆಸುತ್ತದೆ. ಅದಕ್ಕಿಂತ ವೇಗವಾದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯ ಡ್ರೈವರ್ ವಿಂಡೋಸ್ 8.1ರಿಂದಲೂ ವ್ಯವಸ್ಥೆಯೊಳಗೇ ಇದೆ. ಮೂಲ ವಿಂಡೋಸ್ 7ರಲ್ಲಿ ಅದು ಇರಲಿಲ್ಲವಾದ್ದರಿಂದ ಆ ಕಾಲದಲ್ಲಿ ಬೇರೆ ತೇಪೆ ಹಾಕಬೇಕಾಗುತ್ತಿತ್ತು. ಸ್ಯಾಮ್‌ಸಂಗ್ ಮ್ಯಾಜಿಶಿಯನ್, ಕ್ರೂಶಿಯಲ್ ಸ್ಟೋರೇಜ್ ಎಕ್ಸಿಕ್ಯುಟಿವ್‌ನಂಥ ತಂತ್ರಾಂಶಗಳು ಡ್ರೈವರ್‌ಗಳಲ್ಲ. ಅವು ಎಸ್‌ಎಸ್‌ಡಿಯ ಆರೋಗ್ಯ ನೋಡಲು ಮತ್ತು ಅದರ ಫರ್ಮ್‌ವೇರ್ (ಎಸ್‌ಎಸ್‌ಡಿಯೊಳಗಿನ ತಂತ್ರಾಂಶ) ನವೀಕರಿಸಲು ಇರುವ ಸಾಧನಗಳು. ಒಂದು ಮುಖ್ಯ ಅಪವಾದವಿದೆ, ಅದು ಇಂಟೆಲ್ ವಿಎಂಡಿ. ಅದರ ವಿಷಯ ಮುಂದೆ ಬರುತ್ತದೆ.

ಹಳೆಯ ಡಿಸ್ಕ್ ಇನ್ನೂ ಓಡುತ್ತಿದೆ, ಎಸ್‌ಎಸ್‌ಡಿ ಈಗಷ್ಟೇ ತಂದಿದ್ದೇನೆ. ಬಿಚ್ಚುವ ಮುನ್ನ ಏನು ಮಾಡಿಕೊಳ್ಳಲಿ?

ಮೊದಲನೆಯದಾಗಿ ಮದರ್‌ಬೋರ್ಡಿನ ಮಾದರಿಯನ್ನು ಬರೆದಿಟ್ಟುಕೊಳ್ಳಿ. ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಂ ಇನ್ಫರ್ಮೇಶನ್’ ತೆರೆದರೆ ಬೇಸ್‌ಬೋರ್ಡ್ ತಯಾರಕರು ಮತ್ತು ಬೇಸ್‌ಬೋರ್ಡ್ ಉತ್ಪನ್ನ ಎಂಬ ಸಾಲುಗಳಲ್ಲಿ ಅದು ಸಿಗುತ್ತದೆ. ಎರಡನೆಯದಾಗಿ, ಆ ಬೋರ್ಡಿನ ತಯಾರಕರ ಜಾಲತಾಣದಿಂದ ನೆಟ್‌ವರ್ಕ್ ಡ್ರೈವರ್ ಒಂದನ್ನಾದರೂ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇಂಟರ್ನೆಟ್ ಒಂದು ಬಂದರೆ ಉಳಿದದ್ದೆಲ್ಲ ತಾನಾಗಿ ದಾರಿಗೆ ಬರುತ್ತದೆ. ಮೂರನೆಯದಾಗಿ, ಡಿಸ್ಕ್‌ನ ಕಡತಗಳಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲ್ತಿಯಲ್ಲಿದೆಯೇ ನೋಡಿ, ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಬೇರೆಡೆ ಬರೆದಿಡಿ. ಈ ಕೀ ಇಲ್ಲದಿದ್ದರೆ ಹಳೆಯ ಡಿಸ್ಕ್‌ನ ಕಡತಗಳು ಮತ್ತೆ ಸಿಗುವುದಿಲ್ಲ. ಮೂರರಲ್ಲಿ ಜನ ಹೆಚ್ಚಾಗಿ ಮರೆಯುವುದೂ ಇದನ್ನೇ.

ಬಿಚ್ಚಿ ಆಗಿದೆ. ಬೋರ್ಡಿನ ಹೆಸರು ಗೊತ್ತಿಲ್ಲ, ಪೆಟ್ಟಿಗೆಯೂ ಇಲ್ಲ. ಏನು ದಾರಿ?

ಹೊಸ ವಿಂಡೋಸ್‌ನಲ್ಲೂ ‘ಸಿಸ್ಟಂ ಇನ್ಫರ್ಮೇಶನ್’ ಅದೇ ಹೆಸರನ್ನು ತೋರಿಸುತ್ತದೆ, ಏಕೆಂದರೆ ಆ ಮಾಹಿತಿ ಬಯಾಸ್‌ನಿಂದ, ಎಂದರೆ ಬೋರ್ಡಿನಲ್ಲೇ ಇದ್ದು ಗಣಕವನ್ನು ಎಬ್ಬಿಸುವ ತಂತ್ರಾಂಶದಿಂದ ಬರುತ್ತದೆ. ವಿಂಡೋಸ್ ಇನ್ನೂ ಹಾಕಿಲ್ಲದಿದ್ದರೆ ಬಯಾಸ್‌ನ ಮೊದಲ ಪುಟದಲ್ಲಿ ನೋಡಬಹುದು, ಅಥವಾ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಬೋರ್ಡಿನ ಮೇಲೆಯೇ ಮುದ್ರಿಸಿರುವ ಹೆಸರನ್ನು ಓದಬಹುದು. ಗಿಗಾಬೈಟ್ ಬೋರ್ಡುಗಳಲ್ಲಿ ಹೆಸರಿನ ಜೊತೆಗೆ ಮೂಲೆಯಲ್ಲಿ ‘ರೆವ್ 1.0’ ಎಂಬಂಥ ಪರಿಷ್ಕರಣೆ ಸಂಖ್ಯೆಯೂ ಇರುತ್ತದೆ. ಒಂದೇ ಹೆಸರಿನ ಎರಡು ಪರಿಷ್ಕರಣೆಗಳಲ್ಲಿ ನೆಟ್‌ವರ್ಕ್ ಅಥವಾ ಧ್ವನಿ ಚಿಪ್ ಬೇರೆಯಾಗಿರಬಹುದಾದ್ದರಿಂದ ಅದನ್ನು ಬಿಡದೆ ಗಮನಿಸಬೇಕು.

ಡೆಲ್, ಎಚ್‌ಪಿ, ಲೆನೊವೊ ಮುಂತಾದವರ ಸಿದ್ಧ ಗಣಕಗಳಲ್ಲಿ ಬೋರ್ಡಿನ ಹೆಸರು ಹಿಡಿದು ಹುಡುಕುವುದು ವ್ಯರ್ಥ. ಅಲ್ಲಿ ಕೆಳಭಾಗದ ಅಥವಾ ಹಿಂಬದಿಯ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆ, ಡೆಲ್‌ನಲ್ಲಾದರೆ 7 ಅಕ್ಷರಗಳ ಸರ್ವಿಸ್ ಟ್ಯಾಗ್, ಇದನ್ನು ಕಂಪನಿಯ ಬೆಂಬಲ ಪುಟದಲ್ಲಿ ಕೊಟ್ಟರೆ ಆ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳ ಪಟ್ಟಿ ನೇರವಾಗಿ ದೊರೆಯುತ್ತದೆ.

ಹಳೆಯ ಡಿಸ್ಕ್ ಕೈಯಲ್ಲೇ ಇದೆ. ಅದರಲ್ಲಿದ್ದ ಡ್ರೈವರ್‌ಗಳನ್ನೇ ಬಳಸಬಹುದೇ?

ಬಳಸಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲದ, ಇಂಟರ್ನೆಟ್ ಇಲ್ಲದಾಗ ತುಂಬಾ ನೆರವಿಗೆ ಬರುವ ದಾರಿ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಅಥವಾ ಸಾಟಾ–ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ. ಗಣಕದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತಿರುವ ಸಾಧನದ ಮೇಲೆ ಬಲ ಗುಂಡಿ ಒತ್ತಿ, ‘ಅಪ್‌ಡೇಟ್ ಡ್ರೈವರ್’ ಆರಿಸಿ, ನಂತರ ಗಣಕದಲ್ಲೇ ಹುಡುಕುವ ಎರಡನೆಯ ಆಯ್ಕೆಗೆ ಹೋಗಿ. ಅಲ್ಲಿ ಹಳೆಯ ಡಿಸ್ಕ್‌ನ ವಿಂಡೋಸ್ ಫೋಲ್ಡರಿನೊಳಗಿನ ‘ಸಿಸ್ಟಂ32’, ಅದರೊಳಗಿನ ‘ಡ್ರೈವರ್‌ಸ್ಟೋರ್’, ಅದರೊಳಗಿನ ‘ಫೈಲ್‌ರೆಪಾಸಿಟರಿ’ ಫೋಲ್ಡರನ್ನು ತೋರಿಸಿ, ಒಳಫೋಲ್ಡರುಗಳನ್ನೂ ಸೇರಿಸಿ ಎಂಬ ಚೌಕಕ್ಕೆ ಗುರುತು ಹಾಕಿ. ಹಿಂದೆ ಈ ಬೋರ್ಡಿಗೆ ಹಾಕಿದ್ದ ಡ್ರೈವರ್‌ಗಳೆಲ್ಲ ಅಲ್ಲೇ ಕೂತಿರುತ್ತವೆ. ತಕ್ಕದ್ದನ್ನು ವಿಂಡೋಸ್ ತಾನೇ ಹುಡುಕಿಕೊಳ್ಳುತ್ತದೆ. ಹಳೆಯದು 32 ಬಿಟ್‌ನ ವಿಂಡೋಸ್ ಆಗಿದ್ದರೆ ಮಾತ್ರ ಇದು ನಡೆಯದು.

ವಿಂಡೋಸ್ ಹಾಕಲು ಹೊರಟರೆ ಡಿಸ್ಕ್‌ಗಳ ಪಟ್ಟಿಯೇ ಖಾಲಿಯಿದೆ. ಬಯಾಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತಿದೆ.

ಇಂಟೆಲ್‌ನ 11ನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಆಗಿದ್ದರೆ, ವಿಶೇಷವಾಗಿ ಲ್ಯಾಪ್‌ಟಾಪ್ ಆಗಿದ್ದರೆ, ಕಾರಣ ಬಹುತೇಕ ವಿಎಂಡಿ ಎಂಬ ವ್ಯವಸ್ಥೆ. ಅದು ಎನ್‌ವಿಎಂಇ ಡಿಸ್ಕನ್ನು ತನ್ನ ಹಿಂದೆ ಮರೆಮಾಡಿಕೊಳ್ಳುವುದರಿಂದ, ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಲ್ಲದ ವಿಂಡೋಸ್ ಅನುಸ್ಥಾಪಕಕ್ಕೆ ಡಿಸ್ಕ್ ಕಾಣುವುದಿಲ್ಲ.

ಇದಕ್ಕೆ ಎರಡು ದಾರಿಗಳಿವೆ. ರೇಡ್ ಜೋಡಣೆ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವುದು) ಇಲ್ಲದ, ಒಂದೇ ಡಿಸ್ಕಿನ ಯಂತ್ರವಾಗಿದ್ದರೆ ಬಯಾಸ್‌ನಲ್ಲಿ ವಿಎಂಡಿಯನ್ನು ನಿಲ್ಲಿಸುವುದು ಸುಲಭ; ಸಾಮಾನ್ಯ ಮನೆಬಳಕೆಯಲ್ಲಿ ಇದರಿಂದ ನಷ್ಟವೇನೂ ಇಲ್ಲ. ಬಯಾಸ್‌ನಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ, ಯಂತ್ರದ ಬೆಂಬಲ ಪುಟದಿಂದ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿ, ಅದನ್ನು ಬಿಡಿಸಿ, ಒಳಗಿರುವ ಐಎನ್‌ಎಫ್ ಕಡತಗಳ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ಖಾಲಿ ಪಟ್ಟಿಯ ಪುಟದಲ್ಲಿರುವ ‘ಲೋಡ್ ಡ್ರೈವರ್’ ಗುಂಡಿಯ ಮೂಲಕ ತೋರಿಸಬೇಕು. ಇಳಿಸಿದ ಇಎಕ್ಸ್‌ಇ ಕಡತವನ್ನು ಹಾಗೆಯೇ ತೋರಿಸಿದರೆ ಅನುಸ್ಥಾಪಕಕ್ಕೆ ಅದರೊಳಗೆ ಏನಿದೆಯೆಂದು ತಿಳಿಯುವುದಿಲ್ಲ. ಬಹಳಷ್ಟು ಜನ ಸಿಕ್ಕಿಬೀಳುವುದು ಇಲ್ಲಿಯೇ.

ಈ ನಿರ್ಧಾರವನ್ನು ವಿಂಡೋಸ್ ಹಾಕುವ ಮೊದಲೇ ಮಾಡಬೇಕು. ವಿಂಡೋಸ್ ಹಾಕಿದ ಮೇಲೆ ಬಯಾಸ್‌ನಲ್ಲಿ ವಿಎಂಡಿಯನ್ನು ಬದಲಿಸಿದರೆ ಮುಂದಿನ ಸಲ ನೀಲಿ ಪರದೆ ಬರುತ್ತದೆ.

ಬಯಾಸ್‌ನಲ್ಲೇ ಎಸ್‌ಎಸ್‌ಡಿ ಕಾಣುತ್ತಿಲ್ಲ. ಯಾವ ಡ್ರೈವರ್ ಹಾಕಲಿ?

ಯಾವ ಡ್ರೈವರೂ ಇದಕ್ಕೆ ಪರಿಹಾರವಲ್ಲ. ಬಯಾಸ್‌ಗೂ ವಿಂಡೋಸ್ ಡ್ರೈವರ್‌ಗೂ ಸಂಬಂಧವಿಲ್ಲ. ಅಲ್ಲಿ ಕಾಣದಿದ್ದರೆ ತೊಂದರೆ ಜೋಡಣೆಯಲ್ಲಿದೆ ಅಥವಾ ಹೊಂದಾಣಿಕೆಯಲ್ಲಿದೆ. ಎಂ.2 ಎಸ್‌ಎಸ್‌ಡಿ (ಬೋರ್ಡಿನ ಸ್ಲಾಟಿಗೆ ನೇರ ಕೂರುವ ಪುಟ್ಟ ಪಟ್ಟಿಯಂಥದು) ಪೂರ್ತಿ ಒಳಹೋಗಿ, ತುದಿಯ ತಿರುಪು ಬಿಗಿಯಾಗಿದೆಯೇ ನೋಡಿ. ನಂತರ ನೋಡಬೇಕಾದ್ದು ಆ ಸ್ಲಾಟ್ ಯಾವ ಬಗೆಯದೆಂಬುದು: ಕೆಲವು ಸ್ಲಾಟ್‌ಗಳು ಎನ್‌ವಿಎಂಇ ಮಾತ್ರ, ಕೆಲವು ಸಾಟಾ ಮಾತ್ರ, ಕೆಲವು ಎರಡನ್ನೂ ಒಪ್ಪುತ್ತವೆ.

ಇಂಟೆಲ್‌ನ ಬಿ560, ಎಚ್570, ಝಡ್590 ಬೋರ್ಡುಗಳಲ್ಲಿ ಒಂದು ವಿಶಿಷ್ಟ ತೊಡಕಿದೆ. ಇವು 10 ಮತ್ತು 11ನೆಯ ತಲೆಮಾರಿನ ಪ್ರೊಸೆಸರ್‌ಗಳೆರಡನ್ನೂ ಒಪ್ಪುತ್ತವೆ. ಆದರೆ 10ನೆಯ ತಲೆಮಾರಿನ ಪ್ರೊಸೆಸರಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು (ದತ್ತಾಂಶ ಸಾಗುವ ಹಾದಿಗಳು) 16 ಮಾತ್ರ, 11ನೆಯದರಲ್ಲಿ 20. ಹೆಚ್ಚಿನ ಆ 4 ಲೇನ್‌ಗಳೇ ಪ್ರೊಸೆಸರಿಗೆ ನೇರ ಸೇರಿದ ಎಂ.2 ಸ್ಲಾಟಿಗೆ ಹೋಗುವಂಥವು. ಹೀಗಾಗಿ 10ನೆಯ ತಲೆಮಾರಿನ ಪ್ರೊಸೆಸರ್ ಇದ್ದರೆ ಆ ಸ್ಲಾಟ್ ಸುಮ್ಮನೆ ಸತ್ತಂತಿರುತ್ತದೆ, ಎಸ್‌ಎಸ್‌ಡಿಯನ್ನು ಇನ್ನೊಂದು ಸ್ಲಾಟಿಗೆ ಹಾಕಬೇಕು. ಇದಕ್ಕೂ ಹಿಂದಿನ ಎಚ್61 ಕಾಲದ ಬೋರ್ಡುಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಅವುಗಳಲ್ಲಿ ಅಡಾಪ್ಟರ್ ಕಾರ್ಡಿನ ಮೂಲಕ ಎನ್‌ವಿಎಂಇ ಹಾಕಿದರೆ ವಿಂಡೋಸ್‌ನೊಳಗೆ ಡಿಸ್ಕ್ ಕಂಡರೂ ಅದರಿಂದ ಬೂಟ್ ಮಾಡಲು ಬಯಾಸ್‌ಗೆ ಬಾರದು. ಅಂಥ ಬೋರ್ಡಿಗೆ 2.5 ಅಂಗುಲದ ಸಾಟಾ ಎಸ್‌ಎಸ್‌ಡಿಯೇ ಸರಿ.

ಎಂ.2 ಹಾಕಿದ ಮೇಲೆ ಹಳೆಯ ಹಾರ್ಡ್‌ಡಿಸ್ಕ್ ಮಾಯವಾಗಿದ್ದರೆ, ಬೋರ್ಡಿನ ಕೈಪಿಡಿಯಲ್ಲಿ ಆ ಸ್ಲಾಟ್ ಯಾವ ಸಾಟಾ ಪೋರ್ಟಿನೊಂದಿಗೆ ಲೇನ್ ಹಂಚಿಕೊಂಡಿದೆ ಎಂಬುದನ್ನು ನೋಡಿ, ಕೇಬಲನ್ನು ಬೇರೆ ಪೋರ್ಟಿಗೆ ಬದಲಿಸಿ.

‘ಗಣಕಕ್ಕೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ’ ಎಂಬ ಸಂದೇಶ ಬರುತ್ತಿದೆ. ಇದು ಯಾವ ಡ್ರೈವರ್?

ಸಂದೇಶ ದಾರಿತಪ್ಪಿಸುವಂಥದ್ದು. ಬಹಳ ಸಲ ಇಲ್ಲಿ ಯಾವ ಡ್ರೈವರೂ ಕಾಣೆಯಾಗಿರುವುದಿಲ್ಲ. ಅನುಸ್ಥಾಪಕವು ತಾನು ಹೊರಟ ಪೆನ್‌ಡ್ರೈವನ್ನೇ ಓದಲಾಗದೆ ಹೀಗೆ ಹೇಳುತ್ತದೆ. ಪೆನ್‌ಡ್ರೈವನ್ನು ಯುಎಸ್‌ಬಿ 2.0 ಪೋರ್ಟಿಗೆ ಬದಲಿಸಿ ನೋಡಿ, ಆಗದಿದ್ದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಬೇರೊಂದು ಪೆನ್‌ಡ್ರೈವ್ ಸಿದ್ಧಪಡಿಸಿ.

ನೆಟ್‌ವರ್ಕ್ ಡ್ರೈವರ್ ಇಳಿಸಲು ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಬರಲು ಡ್ರೈವರ್ ಬೇಕು. ಈ ಸುಳಿಯಿಂದ ಹೊರಬರುವುದು ಹೇಗೆ?

ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು. ಫೋನನ್ನು ಡೇಟಾ ಕೇಬಲಿನಿಂದ ಗಣಕಕ್ಕೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದರೆ ವಿಂಡೋಸ್ ಅದನ್ನು ತನ್ನಲ್ಲಿರುವ ಡ್ರೈವರ್‌ನಿಂದಲೇ ತಂತಿಯ ನೆಟ್‌ವರ್ಕ್ ಎಂದು ಗುರುತಿಸುತ್ತದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಆ ಸಂಪರ್ಕವೇ ಗಣಕಕ್ಕೂ ಹರಿಯುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಐಫೋನ್‌ನಲ್ಲಿ ಇದಕ್ಕೆ ಆಪಲ್‌ನ ಡ್ರೈವರ್ ಬೇಕಾಗುವುದರಿಂದ ಹೊಸ ವಿಂಡೋಸ್‌ನಲ್ಲಿ ಅದು ಅಷ್ಟು ಸಲೀಸಲ್ಲ. ಕೇವಲ ಚಾರ್ಜಿಂಗ್‌ಗೆಂದು ಬರುವ ಅಗ್ಗದ ಕೇಬಲ್‌ಗಳಲ್ಲೂ ಇದು ನಡೆಯುವುದಿಲ್ಲ.

ವಿಂಡೋಸ್ 11 ಮೊದಲ ಬಾರಿ ಸಿದ್ಧವಾಗುವಾಗಲೇ ಇಂಟರ್ನೆಟ್ ಕೇಳಿ ಮುಂದೆ ಹೋಗದೆ ನಿಲ್ಲುತ್ತದೆ; ಅಲ್ಲೂ ಇದೇ ಉಪಾಯ ಸಲ್ಲುತ್ತದೆ. ಈಚಿನ ಆವೃತ್ತಿಗಳಲ್ಲಿ ಅದೇ ಪುಟದಲ್ಲಿ ಡ್ರೈವರ್ ಹಾಕಲು ಒಂದು ಗುಂಡಿಯನ್ನೂ ಕೊಟ್ಟಿದ್ದಾರೆ, ಪೆನ್‌ಡ್ರೈವಿನಲ್ಲಿ ಬಿಡಿಸಿಟ್ಟ ಡ್ರೈವರನ್ನು ಅಲ್ಲಿಂದ ತೋರಿಸಬಹುದು. ಇಂಟೆಲ್ ಐ225, ಐ226, ರಿಯಲ್‌ಟೆಕ್ 8125ರಂಥ 2.5 ಗಿಗಾಬಿಟ್ ಚಿಪ್‌ಗಳಿರುವ ಬೋರ್ಡಿಗೆ ಹಳೆಯ ವಿಂಡೋಸ್ 10 ಪೆನ್‌ಡ್ರೈವ್ ಬಳಸಿದಾಗ ಈ ತೊಂದರೆ ಹೆಚ್ಚು: ಆ ಪೆನ್‌ಡ್ರೈವ್ ಸಿದ್ಧವಾದ ಕಾಲಕ್ಕೆ ಆ ಚಿಪ್‌ಗಳೇ ಇರಲಿಲ್ಲ.

ಡ್ರೈವರ್‌ಗಳನ್ನು ಯಾವ ಕ್ರಮದಲ್ಲಿ ಹಾಕಬೇಕು?

ಇಂಟರ್ನೆಟ್ ಬಂದ ಕೂಡಲೇ ವಿಂಡೋಸ್ ಅಪ್‌ಡೇಟ್ ಪೂರ್ತಿ ಓಡಲಿ, ಮರುಪ್ರಾರಂಭ ಕೇಳಿದಾಗಲೆಲ್ಲ ಕೊಡಿ. ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗಿನ ‘ಆಪ್ಷನಲ್ ಅಪ್‌ಡೇಟ್ಸ್’ನಲ್ಲೂ ಡ್ರೈವರ್‌ಗಳು ಅಡಗಿರುತ್ತವೆ. ಇಷ್ಟರಿಂದಲೇ ಬಹುತೇಕ ಯಂತ್ರಗಳು ನೆಟ್ಟಗಾಗುತ್ತವೆ. ಉಳಿದುದಕ್ಕೆ ಮಾತ್ರ ಬೋರ್ಡಿನ ಜಾಲತಾಣಕ್ಕೆ ಹೋಗಿ ಮೊದಲು ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಪ್ರೊಸೆಸರಿಗೆ ಬೆಸೆಯುವ ಮುಖ್ಯ ಚಿಪ್), ಮರುಪ್ರಾರಂಭ, ಬಳಿಕ ಗ್ರಾಫಿಕ್ಸ್, ಧ್ವನಿ, ಬ್ಲೂಟೂತ್ ಎಂದು ಹೋಗುವುದು ವಾಡಿಕೆ. ಚಿಪ್‌ಸೆಟ್ ಮೊದಲು ಎಂಬುದಷ್ಟೇ ಇದರಲ್ಲಿ ಪಾಲಿಸಲು ಯೋಗ್ಯವಾದ ನಿಯಮ. ಉಳಿದ ಕ್ರಮ ಹಿಂದುಮುಂದಾದರೂ ಇಂದಿನ ವಿಂಡೋಸ್ ಸಹಿಸಿಕೊಳ್ಳುತ್ತದೆ.

ಎಎಂಡಿ ರೈಜೆನ್ ಬೋರ್ಡುಗಳಲ್ಲಿ ಚಿಪ್‌ಸೆಟ್ ಪ್ಯಾಕೇಜನ್ನು ಎಎಂಡಿಯ ಜಾಲತಾಣದಿಂದಲೇ ತರುವುದು ಮೇಲು, ಅದರಲ್ಲಿ ನಿಜವಾದ ಡ್ರೈವರ್‌ಗಳು ಹಲವಿವೆ. ಇಂಟೆಲ್‌ನ ಚಿಪ್‌ಸೆಟ್ ಪ್ಯಾಕೇಜ್ ಬಹುಮಟ್ಟಿಗೆ ಸಾಧನಗಳಿಗೆ ಸರಿಯಾದ ಹೆಸರಿಡುವ ಕೆಲಸವನ್ನಷ್ಟೇ ಮಾಡುತ್ತದೆ, ಹಾಗಾಗಿ ಅದನ್ನು ಹಾಕಿದ ಮೇಲೆ ವೇಗ ಹೆಚ್ಚಲಿಲ್ಲವಲ್ಲ ಎಂದು ಚಿಂತಿಸಬೇಕಾಗಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರೇ ಇಲ್ಲದ ಸಾಧನಗಳಿಗೆ ಹಳದಿ ಗುರುತು ಬಂದಿದೆ. ಅವು ಏನೆಂದು ತಿಳಿಯುವುದು ಹೇಗೆ?

ಕೆಲವು ಹೆಸರುಗಳು ಎಲ್ಲ ಯಂತ್ರಗಳಲ್ಲೂ ಮರಳಿ ಬರುವಂಥವು, ಅವನ್ನು ನೋಡಿದ ಕೂಡಲೇ ಹೇಳಬಹುದು. ‘ಎಸ್‌ಎಂ ಬಸ್ ಕಂಟ್ರೋಲರ್’ ಎಂದರೆ ಚಿಪ್‌ಸೆಟ್ ಪ್ಯಾಕೇಜ್ ಹಾಕಿಲ್ಲವೆಂದು ಅರ್ಥ. ಇಂಟೆಲ್ ಯಂತ್ರದಲ್ಲಿ ‘ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್’ ಎಂದಿದ್ದರೆ ಅದು ಚಿಪ್‌ಸೆಟ್‌ನೊಳಗಿನ ನಿರ್ವಹಣಾ ಭಾಗವಾದ ಮ್ಯಾನೇಜ್‌ಮೆಂಟ್ ಎಂಜಿನ್. ಹೆಸರು ನೋಡಿ ಇದನ್ನು ನೆಟ್‌ವರ್ಕ್ ಎಂದುಕೊಂಡು ಲ್ಯಾನ್ ಡ್ರೈವರ್‌ಗಳನ್ನು ಹಾಕುತ್ತ ಕೂರುವವರಿದ್ದಾರೆ. ಎಎಂಡಿ ಯಂತ್ರದಲ್ಲಿ ‘ಪಿಸಿಐ ಎನ್‌ಕ್ರಿಪ್ಶನ್ ಡಿಕ್ರಿಪ್ಶನ್ ಕಂಟ್ರೋಲರ್’ ಎಂದರೆ ಪ್ರೊಸೆಸರಿನ ಭದ್ರತಾ ಭಾಗ, ಅದರ ಡ್ರೈವರ್ ಎಎಂಡಿ ಚಿಪ್‌ಸೆಟ್ ಪ್ಯಾಕೇಜಿನಲ್ಲೇ ಇದೆ.

ಬರೀ ‘ಅನ್‌ನೋನ್ ಡಿವೈಸ್’ ಎಂದಿದ್ದರೆ ಅದರ ಪ್ರಾಪರ್ಟೀಸ್ ತೆರೆದು, ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿ. ಅಲ್ಲಿನ ಸಾಲಿನಲ್ಲಿ ವಿ-ಇ-ಎನ್ ಎಂಬ ಮೂರು ಅಕ್ಷರಗಳ ನಂತರದ ನಾಲ್ಕು ಅಂಕಿ ಅಥವಾ ಅಕ್ಷರಗಳು ಚಿಪ್‌ನ ತಯಾರಕರನ್ನೂ, ಡಿ-ಇ-ವಿ ನಂತರದ ನಾಲ್ಕು ಆ ಚಿಪ್‌ನ ಮಾದರಿಯನ್ನೂ ಹೇಳುತ್ತವೆ. 8086 ಎಂದರೆ ಇಂಟೆಲ್. 1978ರಲ್ಲಿ ಬಂದ ತನ್ನ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಕಂಪನಿ ಗುರುತಾಗಿ ಇಟ್ಟುಕೊಂಡಿದೆ. 1022 ಎಎಂಡಿ, 10ಇಸಿ ರಿಯಲ್‌ಟೆಕ್, 10ಡಿಇ ಎನ್‌ವಿಡಿಯಾ, 14ಸಿ3 ಮೀಡಿಯಾಟೆಕ್. ಆ ಸಾಲನ್ನು ಪೂರ್ತಿ ನಕಲಿಸಿ ಹುಡುಕಿದರೆ ಸಾಧನ ಯಾವುದೆಂದು ತಿಳಿಯುತ್ತದೆ, ಆದರೆ ಡ್ರೈವರನ್ನು ಮಾತ್ರ ಹುಡುಕಾಟದಲ್ಲಿ ಸಿಗುವ ಅಪರಿಚಿತ ತಾಣಗಳಿಂದ ಇಳಿಸದೆ ಬೋರ್ಡಿನ ಅಥವಾ ಚಿಪ್‌ನ ತಯಾರಕರಿಂದಲೇ ತನ್ನಿ.

ಸಾಲು ಎಸಿಪಿಐ ಎಂದು ಆರಂಭವಾಗಿ ಮುಂದೆ ಐಎನ್‌ಟಿ33ಎ0 ಎಂದಿದ್ದರೆ ಅದು ಇಂಟೆಲ್ ಕೈಬಿಟ್ಟಿರುವ ಸ್ಮಾರ್ಟ್ ಕನೆಕ್ಟ್ ಎಂಬ ಸೌಲಭ್ಯ. ಹಳದಿ ಗುರುತು ಕಣ್ಣಿಗೆ ಚುಚ್ಚಿದರೂ ಅದನ್ನು ಹಾಗೆಯೇ ಬಿಡಬಹುದು, ಇಲ್ಲವೇ ಬಯಾಸ್‌ನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಬಹುದು.

ಡ್ರೈವರ್ ಹಾಕಿದ್ದೇನೆ, ಆದರೂ ಕೋಡ್ 10, ಕೋಡ್ 43 ಎಂದೆಲ್ಲ ಬರುತ್ತದೆ.

ಕೋಡ್ 28 ಎಂದರೆ ಡ್ರೈವರ್ ಇಲ್ಲವೇ ಇಲ್ಲ. ಕೋಡ್ 10 ಎಂದರೆ ಡ್ರೈವರ್ ಇದೆ, ಸಾಧನ ಆರಂಭವಾಗುತ್ತಿಲ್ಲ. ಇಲ್ಲಿ ಅದೇ ಡ್ರೈವರನ್ನು ಮತ್ತೆ ಮತ್ತೆ ಹಾಕದೆ, ಅದನ್ನು ಅಳಿಸಿ, ಮರುಪ್ರಾರಂಭಿಸಿ, ಬೇರೆ ಆವೃತ್ತಿ ಹಾಕಿ ನೋಡಬೇಕು. ಕೋಡ್ 43ರಲ್ಲಿ ಸಾಧನವೇ ತನಗೆ ತೊಂದರೆಯಿದೆಯೆಂದು ವರದಿ ಮಾಡಿರುತ್ತದೆ. ಕೋಡ್ 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪಿಲ್ಲ.

ಕೋಡ್‌ಗಳನ್ನು ಓದುವುದಕ್ಕಿಂತ ಮೊದಲು, ಎಸ್‌ಎಸ್‌ಡಿ ಹಾಕಲು ಕ್ಯಾಬಿನೆಟ್ ತೆರೆದಾಗ ಏನೇನು ಅಲುಗಾಡಿರಬಹುದು ಎಂದು ಯೋಚಿಸುವುದು ಒಳ್ಳೆಯದು. ಎಂ.2 ಸ್ಲಾಟ್ ಅನೇಕ ಬೋರ್ಡುಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿರುವುದರಿಂದ ಕಾರ್ಡನ್ನು ತೆಗೆದು ಮತ್ತೆ ಹಾಕಬೇಕಾಗುತ್ತದೆ. ಅದು ಪೂರ್ತಿ ಕೂರದಿದ್ದರೂ, ಅದರ ಪ್ರತ್ಯೇಕ ವಿದ್ಯುತ್ ತಂತಿ ಹಾಕಲು ಮರೆತಿದ್ದರೂ, ಮಾನಿಟರ್ ಕೇಬಲನ್ನು ಕಾರ್ಡಿಗೆ ಬದಲು ಬೋರ್ಡಿನ ಪೋರ್ಟಿಗೆ ಚುಚ್ಚಿದ್ದರೂ ಡ್ರೈವರ್ ತೊಂದರೆಯಂತೆಯೇ ಕಾಣುತ್ತದೆ. ವೈಫೈ ಕಾರ್ಡಿನ ಬ್ಲೂಟೂತ್ ಭಾಗ ಬೋರ್ಡಿನ ಯುಎಸ್‌ಬಿ ಪಿನ್‌ಗಳಿಗೆ ಹೋಗುವ ಸಣ್ಣ ತಂತಿಯೊಂದರ ಮೂಲಕ ಕೆಲಸ ಮಾಡುತ್ತದೆ. ಆ ತಂತಿ ಕಳಚಿದ್ದರೆ ವೈಫೈ ಚೆನ್ನಾಗಿದ್ದು ಬ್ಲೂಟೂತ್ ಮಾತ್ರ ಪಟ್ಟಿಯಲ್ಲೇ ಇರುವುದಿಲ್ಲ. ಕ್ಯಾಬಿನೆಟ್ಟಿನ ಮುಂಭಾಗದ ಹೆಡ್‌ಫೋನ್ ಕಿಂಡಿಯ ಕತೆಯೂ ಇದೇ. ಅಂದ ಹಾಗೆ, ಎಚ್‌ಡಿಎಂಐ ಮೂಲಕ ಟಿವಿಗೆ ಹೋಗುವ ಧ್ವನಿ ಗ್ರಾಫಿಕ್ಸ್ ಡ್ರೈವರಿನ ಭಾಗ, ರಿಯಲ್‌ಟೆಕ್ ಧ್ವನಿ ಡ್ರೈವರ್ ಎಷ್ಟು ಸಲ ಹಾಕಿದರೂ ಅದು ಬರುವುದಿಲ್ಲ.

ಡ್ರೈವರಿನ ದಿನಾಂಕ 1968 ಎಂದು ತೋರಿಸುತ್ತಿದೆ. ಇಷ್ಟು ಹಳೆಯದನ್ನು ನವೀಕರಿಸಬೇಡವೇ?

ಬೇಡ. ಇಂಟೆಲ್ ಸ್ಥಾಪನೆಯಾದದ್ದು 1968ರ ಜುಲೈ 18ರಂದು, ಚಿಪ್‌ಸೆಟ್ ಕಡತಗಳಿಗೆ ಆ ದಿನಾಂಕವನ್ನೇ ಹಾಕಿದ್ದಾರೆ. ಇದು ಬರೀ ತಮಾಷೆಯಲ್ಲ: ಒಂದೇ ಸಾಧನಕ್ಕೆ ಸಮನಾಗಿ ಹೊಂದುವ ಎರಡು ಡ್ರೈವರ್‌ಗಳಿದ್ದರೆ ವಿಂಡೋಸ್ ದಿನಾಂಕ ನೋಡಿ ಹೊಸದನ್ನು ಆರಿಸುತ್ತದೆ, ಹಾಗಾಗಿ ಬರೀ ಹೆಸರಿಡುವ ಈ ಕಡತ ನಿಜವಾದ ಡ್ರೈವರನ್ನು ತಳ್ಳಿ ಕೂರದಂತೆ ಹಿಂದಿನ ದಿನಾಂಕ ಕೊಡಲಾಗಿದೆ. ಮೈಕ್ರೋಸಾಫ್ಟ್‌ನ ಸ್ವಂತ ಡ್ರೈವರ್‌ಗಳಲ್ಲಿ 2006ರ ಜೂನ್ 21 ಎಂದು ಕಾಣುವುದಕ್ಕೂ ಇಂಥದೇ ಕಾರಣ. ಹಳೆಯದೋ ಹೊಸದೋ ಎಂದು ತಿಳಿಯಲು ದಿನಾಂಕವನ್ನು ಬಿಟ್ಟು ಆವೃತ್ತಿ ಸಂಖ್ಯೆ ನೋಡಿ.

ಹೊಸದಾಗಿ ವಿಂಡೋಸ್ ಹಾಕಲಿಲ್ಲ, ಹಳೆಯ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ (ಇಡೀ ಡಿಸ್ಕ್‌ನ ಯಥಾವತ್ ನಕಲು) ಮಾಡಿದೆ. ಈಗ ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತಿದೆ.

ಕ್ಲೋನ್ ಮಾಡಿದಾಗ ಧ್ವನಿ, ನೆಟ್‌ವರ್ಕ್ ಡ್ರೈವರ್‌ಗಳೆಲ್ಲ ಜೊತೆಗೇ ಬಂದಿರುತ್ತವೆ. ಇಲ್ಲಿ ಕಾಡುವುದು ಡಿಸ್ಕ್ ನಿಯಂತ್ರಕದ ಡ್ರೈವರ್. ಹಳೆಯ ವಿಂಡೋಸ್ ಸಾಟಾ ಡಿಸ್ಕ್‌ನಿಂದ ಏಳಲು ಒಗ್ಗಿಕೊಂಡಿತ್ತು, ಈಗ ಎನ್‌ವಿಎಂಇಯಿಂದ ಅಥವಾ ಬದಲಾದ ಬಯಾಸ್ ಸ್ಥಿತಿಯಿಂದ ಏಳಬೇಕಾಗಿದೆ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನ್ನಲ್ಲಿರುವ ಡಿಸ್ಕ್ ಡ್ರೈವರ್‌ಗಳನ್ನೆಲ್ಲ ಪ್ರಯತ್ನಿಸುವುದರಿಂದ ಒಮ್ಮೆ ಆ ದಾರಿಯಲ್ಲಿ ಎಬ್ಬಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಳೆಯ ಡಿಸ್ಕ್‌ನಿಂದ ವಿಂಡೋಸ್ ಆರಂಭಿಸಿ, ‘ಸಿಸ್ಟಂ ಕಾನ್ಫಿಗರೇಶನ್’ನ ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ, ಆ ಸ್ಥಿತಿಯಲ್ಲೇ ಮತ್ತೆ ಕ್ಲೋನ್ ಮಾಡಿ. ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿಯಿಂದ ಎಬ್ಬಿಸಿ, ಕೊನೆಗೆ ಗುರುತು ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೆ ಪಾಸ್‌ವರ್ಡ್ ಕೇಳಬಹುದಾದ್ದರಿಂದ ಅದು ನೆನಪಿರಲಿ, ಬಿಟ್‌ಲಾಕರ್ ಇದ್ದರೆ ಮೊದಲೇ ತಡೆಹಿಡಿಯಿರಿ.

ನೀಲಿ ಪರದೆಯೂ ಬಾರದೆ ಬಯಾಸ್‌ಗೇ ಮರಳುತ್ತಿದ್ದರೆ, ಹಳೆಯ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಾಗ ವಿನ್ಯಾಸದ್ದಾಗಿರುವ ಸಾಧ್ಯತೆ ಹೆಚ್ಚು. ಎನ್‌ವಿಎಂಇಯಿಂದ ಬೂಟ್ ಆಗಲು ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸ್ ಮತ್ತು ಜಿಪಿಟಿ ಎಂಬ ಹೊಸ ವಿನ್ಯಾಸ ಬೇಕು. ವಿಂಡೋಸ್ 10ರ 1703 ಆವೃತ್ತಿಯಿಂದ ‘ಎಂಬಿಆರ್2ಜಿಪಿಟಿ’ ಎಂಬ ಸಾಧನ ವಿಂಡೋಸ್‌ನಲ್ಲೇ ಇದೆ, ಅದು ದತ್ತಾಂಶ ಅಳಿಸದೆ ವಿನ್ಯಾಸ ಬದಲಿಸುತ್ತದೆ. ಆದರೂ ಅದಕ್ಕೆ ಮುನ್ನ ಬ್ಯಾಕಪ್ ಇರಲೇಬೇಕು.

ಎಲ್ಲವೂ ಸರಿಯಾಯಿತು. ಆದರೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದರೆ ವಿಂಡೋಸ್ ಏಳುವುದಿಲ್ಲ.

ವಿಂಡೋಸ್ ಹಾಕುವಾಗ ಹಳೆಯ ಡಿಸ್ಕ್ ಕೂಡ ಜೋಡಿಸಿದ್ದರೆ, ಅದರಲ್ಲಿ ಮೊದಲೇ ಇದ್ದ ಬೂಟ್ ವಿಭಾಗಕ್ಕೇ ಅನುಸ್ಥಾಪಕ ಹೊಸ ಬೂಟ್ ಕಡತಗಳನ್ನು ಬರೆಯುತ್ತದೆ. ವಿಂಡೋಸ್ ಒಂದು ಡಿಸ್ಕ್‌ನಲ್ಲಿ, ಅದನ್ನು ಎಬ್ಬಿಸುವ ಕಡತಗಳು ಇನ್ನೊಂದರಲ್ಲಿ ಎಂದಾಗುತ್ತದೆ. ಆರಂಭದಲ್ಲೇ ಇದು ಗೊತ್ತಾದರೆ ಹಳೆಯದನ್ನು ಕಳಚಿ ಮತ್ತೊಮ್ಮೆ ವಿಂಡೋಸ್ ಹಾಕುವುದೇ ಅಚ್ಚುಕಟ್ಟಾದ ಪರಿಹಾರ.

ಡ್ರೈವರಿನ ಅನುಸ್ಥಾಪಕ ಅರ್ಧಕ್ಕೆ ನಿಲ್ಲುತ್ತದೆ, ಕಾರಣವನ್ನೂ ಹೇಳುವುದಿಲ್ಲ. ನನ್ನ ಖಾತೆಯ ಹೆಸರು ಕನ್ನಡದಲ್ಲಿದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಇರಬಹುದು. ವಿಂಡೋಸ್‌ಗೆ ಕನ್ನಡ ಅಕ್ಷರಗಳ ಹೆಸರು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಖಾತೆಯನ್ನು ತೆರೆಯುವಾಗ ಕೊಟ್ಟ ಹೆಸರಿನಲ್ಲೇ ಬಳಕೆದಾರರ ಫೋಲ್ಡರ್ ಸೃಷ್ಟಿಯಾಗುತ್ತದೆ, ತಾತ್ಕಾಲಿಕ ಕಡತಗಳ ಫೋಲ್ಡರೂ ಅದರೊಳಗೇ ಇರುತ್ತದೆ. ಹಳೆಯ ಶೈಲಿಯಲ್ಲಿ ಬರೆದ ಕೆಲವು ಅನುಸ್ಥಾಪಕಗಳು ಇಂಗ್ಲಿಷೇತರ ಅಕ್ಷರಗಳಿರುವ ಹಾದಿಯಲ್ಲಿ ತಮ್ಮ ಕಡತಗಳನ್ನು ಬಿಡಿಸಿಕೊಳ್ಳಲಾರದೆ ಸುಮ್ಮನೆ ನಿಲ್ಲುತ್ತವೆ. ಆಮೇಲೆ ಖಾತೆಯ ಹೆಸರನ್ನು ಬದಲಿಸಿದರೂ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲಿ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ತೆರೆದು, ಅಲ್ಲಿಂದ ಡ್ರೈವರ್ ಹಾಕಿ ಮುಗಿಸಿ, ಮತ್ತೆ ನಿಮ್ಮ ಖಾತೆಗೆ ಮರಳಬಹುದು. ಡ್ರೈವರ್ ಇಡೀ ಯಂತ್ರಕ್ಕೆ ಸೇರಿದ್ದು, ಖಾತೆಗಲ್ಲ.

ಎಲ್ಲ ಡ್ರೈವರ್‌ಗಳನ್ನೂ ಒಂದೇ ಗುಂಡಿಯಲ್ಲಿ ಹಾಕುವ ತಂತ್ರಾಂಶಗಳನ್ನು ಬಳಸಬಹುದೇ?

ಬಳಸದಿರುವುದೇ ಲೇಸು. ತಪ್ಪು ಆವೃತ್ತಿಯ ಡ್ರೈವರ್ ಮತ್ತು ಕೇಳದೆ ಬರುವ ಇತರ ತಂತ್ರಾಂಶಗಳು ಅವುಗಳ ಕೊಡುಗೆ. ಬೋರ್ಡ್ ತಯಾರಕರದ್ದೇ ಆದ ಅಸೂಸ್ ಆರ್ಮರಿ ಕ್ರೇಟ್, ಗಿಗಾಬೈಟ್ ಕಂಟ್ರೋಲ್ ಸೆಂಟರ್ ಮುಂತಾದವು ಸುರಕ್ಷಿತ, ಆದರೆ ಭಾರ ಹೆಚ್ಚು. ಬೇಡವೆನಿಸಿದರೆ, ಅವನ್ನು ಹಾಕಿಕೊಳ್ಳಿ ಎಂದು ತಾನಾಗಿ ಬರುವ ಆಹ್ವಾನವನ್ನು ಬಯಾಸ್‌ನಲ್ಲೇ ನಿಲ್ಲಿಸಬಹುದು.

ನನ್ನ ಹಳೆಯ ಬೋರ್ಡಿನ ಪುಟದಲ್ಲಿ ವಿಂಡೋಸ್ 11ರ ಡ್ರೈವರ್‌ಗಳೇ ಇಲ್ಲ.

ವಿಂಡೋಸ್ 10ರ 64 ಬಿಟ್ ಡ್ರೈವರ್‌ಗಳು 11ರಲ್ಲೂ ಸಾಮಾನ್ಯವಾಗಿ ನಡೆಯುತ್ತವೆ. ತೀರ ಹಳೆಯ ಡ್ರೈವರ್ ಹಾಕಿದಾಗ ವಿಂಡೋಸ್ ಸೆಕ್ಯುರಿಟಿಯ ‘ಮೆಮೊರಿ ಇಂಟೆಗ್ರಿಟಿ’ ಅದನ್ನು ತಡೆಯಬಹುದು. ಆಗ ಆ ರಕ್ಷಣೆಯನ್ನು ತೆಗೆಯುವ ಬದಲು ವಿಂಡೋಸ್‌ನ ಸಾಮಾನ್ಯ ಡ್ರೈವರಿನಲ್ಲೇ ಕೆಲಸ ನಡೆಯುತ್ತದೆಯೇ ನೋಡಿ. ಧ್ವನಿಯ ವಿಷಯದಲ್ಲಿ ‘ಹೈ ಡೆಫಿನಿಶನ್ ಆಡಿಯೋ ಡಿವೈಸ್’ ಎಂಬ ಸಾಮಾನ್ಯ ಡ್ರೈವರ್ ಧಾರಾಳವಾಗಿ ಸಾಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಡ್ರೈವರ್ ಸಿಗುತ್ತದೆಯೆಂಬ ಒಂದೇ ಕಾರಣಕ್ಕೆ ಅದಕ್ಕೆ ಮರಳುವುದು ಈಗ ಒಳ್ಳೆಯ ಆಯ್ಕೆಯಲ್ಲ.

ಬಯಾಸ್ ನವೀಕರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಲೇ?

ಎಸ್‌ಎಸ್‌ಡಿ ಬಯಾಸ್‌ನಲ್ಲಿ ಕಾಣದಿದ್ದಾಗ, ಅಥವಾ ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ನಿಮ್ಮದೇ ತೊಂದರೆ ನಮೂದಾಗಿದ್ದಾಗ ಮಾತ್ರ ಮಾಡಿ. ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಂತಾಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ, ಗಾಳಿ ಮಳೆಯ ಸಂಜೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಡಿಸ್ಕ್ ಬದಲಾದರೆ ವಿಂಡೋಸ್ ಪರವಾನಗಿ ಮತ್ತೆ ಕೊಳ್ಳಬೇಕೇ?

ಬೇಡ. ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಮೊದಲಿದ್ದ ಹೋಮ್ ಅಥವಾ ಪ್ರೊ ಆವೃತ್ತಿಯನ್ನೇ ಹಾಕಿ ಇಂಟರ್ನೆಟ್‌ಗೆ ಸೇರಿಸಿದರೆ ತಾನಾಗಿ ಸಕ್ರಿಯವಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಹಾಕುವಾಗ ಟಚ್‌ಪ್ಯಾಡೇ ಅಲುಗಾಡುತ್ತಿಲ್ಲ.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಐ2ಸಿ ಎಂಬ ಮಾರ್ಗದಲ್ಲಿ ಜೋಡಣೆಯಾಗಿರುತ್ತದೆ, ಆ ಮಾರ್ಗದ ಡ್ರೈವರ್ ಚಿಪ್‌ಸೆಟ್ ಅಥವಾ ಸೀರಿಯಲ್ ಐಒ ಪ್ಯಾಕೇಜಿನಲ್ಲಿರುತ್ತದೆ. ಅದನ್ನು ಹಾಕುವವರೆಗೆ ಯುಎಸ್‌ಬಿ ಮೌಸ್ ಬಳಸಿ. ಟಚ್‌ಪ್ಯಾಡ್ ಡ್ರೈವರನ್ನೇ ಮೊದಲು ಹಾಕಿದರೆ ಫಲವಿಲ್ಲ.

ಎಲ್ಲ ಹಳದಿ ಗುರುತುಗಳೂ ಹೋದವು. ಈ ಡ್ರೈವರ್‌ಗಳನ್ನು ಮುಂದಿನ ಸಲಕ್ಕೆ ಉಳಿಸಿಟ್ಟುಕೊಳ್ಳಬಹುದೇ?

ವಿಂಡೋಸ್‌ನಲ್ಲೇ ಇರುವ ‘ಪಿಎನ್‌ಪಿ ಯುಟಿಲ್’ ಮತ್ತು ‘ಡಿಸ್ಮ್’ ಎಂಬ ಆದೇಶಗಳಿಗೆ ಹೊರಗಿನಿಂದ ಹಾಕಿದ ಡ್ರೈವರ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ರಫ್ತು ಮಾಡುವ ಸೌಲಭ್ಯವಿದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆದೇಶದ ನಂತರ ಓರೆಗೆರೆ ಮತ್ತು ಪ್ರಶ್ನಾರ್ಥಕ ಚಿಹ್ನೆ ಕೊಟ್ಟರೆ ಬಳಸುವ ವಿಧಾನವನ್ನು ಅವೇ ತೋರಿಸುತ್ತವೆ. ಆ ಫೋಲ್ಡರನ್ನು ಬೋರ್ಡಿನ ಮಾದರಿಯ ಹೆಸರಿನಲ್ಲಿಟ್ಟು, ಎಸ್‌ಎಸ್‌ಡಿಯಲ್ಲಲ್ಲ, ಪೆನ್‌ಡ್ರೈವಿನಲ್ಲಿ ಇಡಿ. ಮುಂದೆ ವಿಂಡೋಸ್ ಮತ್ತೆ ಹಾಕಬೇಕಾದಾಗ ಡಿವೈಸ್ ಮ್ಯಾನೇಜರ್‌ನಿಂದ ಆ ಫೋಲ್ಡರನ್ನು ತೋರಿಸಿದರೆ ಸಾಕು. ಗ್ರಾಫಿಕ್ಸ್ ಡ್ರೈವರ್ ಮಾತ್ರ ಬೇಗ ಹಳತಾಗುವುದರಿಂದ ಅದನ್ನು ಆಗಿನ ಹೊಸ ಆವೃತ್ತಿಯಲ್ಲೇ ಇಳಿಸಿಕೊಳ್ಳುವುದು ವಾಸಿ.